ಕರಾಮದಿಂದ ಹೋದ ಬೈಗುಳದ ಕಾಗದಗಳು

ಶುಂಠಿ ಹಾಕಿ ಕುದಿಸಿದ ಕಾಫಿಯ ವಾಸನೆ ಬಂದರೆ ನನಗೆ ಅರ್ಜಿ ನೆನಪಾಗುತ್ತದೆ. ಕಳೆದ ವಾರ ಮಗಳ ಫೋನಿನ ಒಡೆದ ಗಾಜು ಬದಲಿಸಲು ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿಗೆ ಹೋಗಿದ್ದೆವು. ರಿಪೇರಿಯವನು ಅರ್ಧ ಗಂಟೆ ಎಂದ. ಅವನ ಅರ್ಧ ಗಂಟೆ ಎಂದರೆ ಎಷ್ಟೆಂದು ಇಲ್ಲಿರುವವರಿಗೆಲ್ಲ ಗೊತ್ತು. ಪಕ್ಕದ ಓಣಿಯ ನೆರಳಿನಲ್ಲಿ ನಿಂತಿದ್ದಾಗ ಮೇಲಿನ ಯಾವುದೋ ಕಿಟಕಿಯಿಂದ ಆ ವಾಸನೆ ಇಳಿದು ಬಂತು. ಕಪ್ಪಗೆ ಹುರಿದ ಕಾಫಿಬೀಜ, ಒಣಶುಂಠಿ, ಮೇಲೆ ಒಂದು ಚೂರು ಸಾಂಬ್ರಾಣಿ ಹೊಗೆ. ನಾನು ಮಾತು ನಿಲ್ಲಿಸಿದ್ದು ನೋಡಿ ಮಗಳು ನಿದಾ, "ಉಮ್ಮ, ಆರ್ ಯು ಓಕೆ?" ಎಂದಳು. ಓಕೆ ಎಂದೆ. ಹದಿನಾಲ್ಕು ವರ್ಷದ ಹುಡುಗಿಗೆ ಬೀದಿಯಲ್ಲಿ ನಿಂತು ಎಷ್ಟೆಂದು ಹೇಳುವುದು? ಅವಳಿಗೆ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈಗ ನಮ್ಮ ಮನೆ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ. ನನ್ನ ಗಂಡ ಅಶ್ರಫ್‌ಗೆ ಅಬುಧಾಬಿಗೆ ವರ್ಗವಾದ ಮೇಲೆ ಇಲ್ಲಿಗೆ ಬಂದೆವು. ಇಲ್ಲಿ ಕಾರಿಲ್ಲದೆ ಒಂದು ಪೊಟ್ಟಣ ಉಪ್ಪು ತರಲಿಕ್ಕೂ ಆಗುವುದಿಲ್ಲ. ಅದಕ್ಕೆ ಮೊದಲು ಒಂಬತ್ತು ವರ್ಷ ದುಬೈಯ ಕರಾಮದಲ್ಲಿದ್ದೆವು. ಮೂರು ಹೆಜ್ಜೆಗೆ ದೋಸೆ, ನಾಲ್ಕು ಹೆಜ್ಜೆಗೆ ದರ್ಜಿ, ಹತ್ತು ಹೆಜ್ಜೆಗೆ ನನ್ನ ಕೆಲಸ. ಕೆಲಸ ಟೈಪಿಂಗ್ ಸೆಂಟರಿನಲ್ಲಿ. ಈ ದೇಶದಲ್ಲಿರುವವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಊರಿನವರಿಗೆ ಹೇಳುವುದಾದರೆ, ವೀಸಾ, ಐಡಿ, ಬಾಡಿಗೆ ಕರಾರು, ಕೆಲಸದಿಂದ ಬಿಡುಗಡೆ ಹೀಗೆ ಯಾವ ಕಾಗದಪತ್ರವೇ ಆಗಲಿ ಅರಬಿಯಲ್ಲಿ ಅರ್ಜಿ ತಯಾರು ಮಾಡಿಕೊಡುವ ಅಂಗಡಿ. ನಮ್ಮ ತಾಲೂಕು ಕಚೇರಿಯ ಎದುರು ಮರದಡಿ ಕುಳಿತು ಅರ್ಜಿ ಬರೆಯುವವರಿದ್ದಾರಲ್ಲ, ಅವರಿಗೆ ಎ.ಸಿ. ಹಾಕಿಸಿಕೊಟ್ಟ ಹಾಗೆ.

ನಾನು ವಿಟ್ಲದ ಹತ್ತಿರದವಳು. ಮನೆಮಾತು ಬ್ಯಾರಿ, ಶಾಲೆಯಲ್ಲಿ ಕನ್ನಡ, ಆಮೇಲೆ ಹೆಣ್ಣುಮಕ್ಕಳ ಅರಬಿ ಕಾಲೇಜಿನಲ್ಲಿ ಐದು ವರ್ಷ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅರಬಿ ಟೈಪಿಂಗ್ ಕಲಿತೆ. ಹೀಗಾಗಿ ನನಗೆ ಎರಡು ಅರಬಿ ಗೊತ್ತಿದ್ದವು. ಒಂದು ದೇವರದು, ಇನ್ನೊಂದು ಸರ್ಕಾರದ್ದು. ಮನುಷ್ಯರು ಅಡುಗೆಮನೆಯಲ್ಲಿ ಮಾತಾಡುವ ಅರಬಿ ನನಗೆ ಅರ್ಥವಾಗುತ್ತಿತ್ತು, ಬರೆಯುವ ಸಂದರ್ಭ ಬಂದಿರಲಿಲ್ಲ. ಯಾರು ತಾನೇ ಟೈಪಿಂಗ್ ಸೆಂಟರಿಗೆ ಬಂದು ಅಡುಗೆಮನೆಯ ಮಾತು ಬರೆಸುತ್ತಾರೆ?

ಸೆಂಟರಿನ ಮ್ಯಾನೇಜರು ಕಾಪು ಕಡೆಯ ಪ್ರಭಾಕರಣ್ಣ. ಇಪ್ಪತ್ತೆಂಟು ವರ್ಷ ದುಬೈಯಲ್ಲಿದ್ದೂ ಅರಬಿಯಲ್ಲಿ ಯಲ್ಲಾ, ಖಲಾಸ್, ಮಾಫಿ, ಅಂದರೆ ನಡಿ, ಮುಗಿಯಿತು, ಇಲ್ಲ ಎಂಬ ಮೂರು ಪದಗಳಲ್ಲೇ ಸಂಸಾರ ಸಾಗಿಸಿದವರು. ಅವರು ಬಾಗಿಲ ಬಳಿಯ ಮೇಜಿನಲ್ಲಿ ಪತ್ರಿಕೆ ಹಿಡಿದು ಕುಳಿತಿರುತ್ತಿದ್ದರು. ಓದುತ್ತಿದ್ದಾರೆ ಎಂದು ಗಿರಾಕಿಗಳು ತಿಳಿಯುತ್ತಿದ್ದರು, ಆದರೆ ಅಂಗಡಿಯ ಒಂದು ಮಾತೂ ಅವರ ಕಿವಿ ತಪ್ಪುತ್ತಿರಲಿಲ್ಲ.

ನಾವು ಕರಾಮ ಬಿಡುವ ಹಿಂದಿನ ವರ್ಷ ಜೂನ್ ತಿಂಗಳು ಜೂನ್ ಆಗಿರಲಿಲ್ಲ, ಒಲೆಯಾಗಿತ್ತು. ಶಾಲೆಗಳಿಗೆ ರಜೆ ಬರುವ ಹೊತ್ತು, ಊರಿಗೆ ಹೊರಡುವವರ ಕಾಗದಪತ್ರದ ಗಲಾಟೆ. ಒಂದು ಮಂಗಳವಾರ ಮಧ್ಯಾಹ್ನ ಗದ್ದಲ ಇಳಿದ ಮೇಲೆ ಎತ್ತರದ ಹೆಂಗಸೊಬ್ಬರು ಒಳಗೆ ಬಂದರು. ನಮ್ಮ ಸೀರೆಯ ಹಾಗೆ ಮೈಗೂ ತಲೆಗೂ ಸುತ್ತಿಕೊಂಡ ಕಿತ್ತಳೆ ಬಣ್ಣದ ವಸ್ತ್ರ, ಕೈಯಲ್ಲೊಂದು ಥರ್ಮಾಸ್. ಸುಡಾನಿನವರೆಂದು ನೋಡಿದ ಕೂಡಲೇ ತಿಳಿಯಿತು. ಹೆಸರು ನಫೀಸಾ. ಅವರ ದೇಶದಲ್ಲಿ ವಯಸ್ಸಾದ ಹೆಂಗಸನ್ನು ಗೌರವದಿಂದ ಹಾಜ್ಜ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. ಅವರು ಆಡಿದ್ದು ಸುಡಾನಿನ ಅರಬಿ. ಅದನ್ನು ಇಲ್ಲಿ ನಮ್ಮ ಕರಾವಳಿಯ ಕನ್ನಡದಲ್ಲೇ ಕೊಡುತ್ತೇನೆ, ನನ್ನ ಕಿವಿಗೆ ಅದು ಹಾಗೆಯೇ ಕೇಳುತ್ತಿತ್ತು.

"ಮಗಳೇ, ನಂಗೊಂದು ಕಾಗದ ಬರೆಸ್ಲಿಕ್ಕುಂಟು. ಅರ್ಜಿ ಅಲ್ಲ. ಮಗನಿಗೆ."

"ಮಗ ಎಲ್ಲಿದ್ದಾನೆ ಹಾಜ್ಜ? ಫೋನ್ ಮಾಡಬಹುದಲ್ಲ."

"ಅವ ಇರುವಲ್ಲಿ ಫೋನಿಲ್ಲ. ಅವ ಸೈನ್ಯದಲ್ಲಿದ್ದಾನೆ."

ಕುರ್ಚಿ ಎಳೆದು ಕೂರಿಸಿದೆ. ಸುಡಾನಿನಲ್ಲಿ ಯುದ್ಧ ಶುರುವಾಗಿ ವರ್ಷ ದಾಟಿತ್ತು. ಹೊರಗಿನ ಶತ್ರು ಯಾರೂ ಇಲ್ಲ, ಅದೇ ದೇಶದ ಎರಡು ಪಡೆಗಳು ಪರಸ್ಪರ ಹೊಡೆದಾಡುತ್ತಿದ್ದವು. ಹಾಜ್ಜ ನಫೀಸಾ ಇದ್ದ ಬೀದಿಯಲ್ಲಿ ಒಂದು ದಿನ ಶೆಲ್ ಬಿದ್ದು, ಹಾಲು ತರಲು ಹೊರಟಿದ್ದ ಅವರ ತಮ್ಮ ಖಾಲಿದ್ ಮನೆಯ ಬಾಗಿಲಲ್ಲೇ ತೀರಿಕೊಂಡ. ಒಂದು ವಾರದೊಳಗೆ ಅವರ ಒಬ್ಬನೇ ಮಗ ಯಾಸಿರ್, ಇಪ್ಪತ್ತೆರಡು ವರ್ಷದವನು, ಕಾಲೇಜು ಬಿಟ್ಟು ಸೈನ್ಯಕ್ಕೆ ಹೆಸರು ಕೊಟ್ಟು ಬಂದ. ಮಾವನ ಸೇಡು ತೀರಿಸುತ್ತೇನೆ ಎಂದ. ತಾಯಿ ಅತ್ತರು, ಬೇಡಿದರು. ಅವನು ಸಮವಸ್ತ್ರ ಹಾಕಿಕೊಂಡು ಬಸ್ಸು ಹತ್ತುವಾಗ ಸಿಟ್ಟು ನೆತ್ತಿಗೇರಿ ಹೇಳಿಬಿಟ್ಟರು: "ಈ ಬಟ್ಟೆಯಲ್ಲಿ ಹೋದವ ನನ್ನ ಮಯ್ಯತ್ತಿಗೆ ಹೆಗಲು ಕೊಡ್ಲಿಕ್ಕೆ ಬರುವುದು ಬೇಡ."

ಮಯ್ಯತ್ತಿಗೆ, ಅಂದರೆ ಹೆಣಕ್ಕೆ, ಹೆಗಲು ಕೊಡಬೇಡ ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಹೆತ್ತವಳು ಮಗನಿಗೆ ಅದನ್ನು ಹೇಳಿದರೆ ಮಗನೇ ಅಲ್ಲ ಎಂದ ಹಾಗೆ. ಬಸ್ಸು ಹೋಯಿತು. ಆಮೇಲೆ ಮಗಳು ಆಮ್ನಾ ತಾಯಿಯನ್ನು ದುಬೈಗೆ ಕರೆಸಿಕೊಂಡಳು. ಆಮ್ನಾ ಕರಾಮದಲ್ಲೇ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ತಾಯಿಯನ್ನು ಬಿಟ್ಟು ಹೋದ ತಮ್ಮನ ಮೇಲೆ ಅವಳಿಗೆ ಎಷ್ಟು ಸಿಟ್ಟೆಂದರೆ, ಅವನ ಹೆಸರೆತ್ತಿದರೆ ಊಟ ಬಿಟ್ಟು ಏಳುತ್ತಿದ್ದಳು. ಹಾಜ್ಜನಿಗೆ ಓದು ಬರಹ ಬಾರದು. ಮಗಳಲ್ಲಿ ಬರೆಸುವ ಹಾಗಿಲ್ಲ. ಅದಕ್ಕೇ ಮಗಳು ಡ್ಯೂಟಿಗೆ ಹೋದ ಹೊತ್ತು ನೋಡಿ ನಮ್ಮಲ್ಲಿಗೆ ಬಂದಿದ್ದರು.

"ನಾನು ಆ ಮಾತು ವಾಪಸ್ ತಗೊಂಡೆ ಅಂತ ಅವನಿಗೆ ಗೊತ್ತಾಗ್ಬೇಕು ಮಗಳೇ," ಎಂದರು. "ಅವನಿಗೆ ಗೊತ್ತಾಗುವ ಮೊದಲು ಅವನಿಗೆ ಏನಾದ್ರೂ ಆಗಿ ಹೋದ್ರೆ?"

ಇಲ್ಲೊಂದು ವಿಷಯ ಹೇಳಿಬಿಡುತ್ತೇನೆ. ಯಾಸಿರ್ ಬದುಕಿದ್ದಾನೆ. ಈಗ ಸೈನ್ಯ ಬಿಟ್ಟು ಪೋರ್ಟ್ ಸುಡಾನ್ ಎಂಬ ಬಂದರು ಪಟ್ಟಣದಲ್ಲಿ ದೊಡ್ಡಪ್ಪನ ಮಗನ ಜೊತೆ ಕೆಲಸ ಮಾಡಿಕೊಂಡಿದ್ದಾನೆ, ಪ್ರತಿ ಶುಕ್ರವಾರ ತಾಯಿಗೆ ಫೋನ್ ಮಾಡುತ್ತಾನೆ. ಕೊನೆಯವರೆಗೆ ಅದನ್ನು ಬಚ್ಚಿಟ್ಟು ಓದುವವರ ಜೀವ ಹಿಂಡುವ ಕಲೆ ನನಗೆ ಬಾರದು. ಆದರೆ ಆ ಜೂನಿನಲ್ಲಿ ಅದು ಹಾಜ್ಜನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಪ್ರಭಾಕರಣ್ಣ ಪತ್ರಿಕೆಯ ಮೇಲಿನಿಂದ ಇಣುಕಿದರು. "ಎಂತದಂತೆ ಸಫಿಯಾ?"

"ಸೈನ್ಯದಲ್ಲಿರುವ ಮಗನಿಗೆ ಕಾಗದವಂತೆ."

"ಅದೆಲ್ಲ ನಮ್ಗೆ ಬೇಡ ಮಾರಾಯ್ತಿ. ನಮ್ಮ ಲೈಸೆನ್ಸ್ ಇರುವುದು ಅರ್ಜಿಗೆ." ಆಮೇಲೆ ಹಾಜ್ಜನ ಮುಖ ನೋಡಿದರು. ಸ್ವಲ್ಪ ಹೊತ್ತು ಪತ್ರಿಕೆ ಮಡಚಿದರು, ಬಿಡಿಸಿದರು. "ಸರಿ, ಮಾಡಿ ಕೊಡು. ಆದ್ರೆ ವಿಷಯ ಅಂತ ಒಂದು ಹಾಕು. ವಿಷಯ ಇಲ್ಲದ ಕಾಗದ ನಮ್ಮ ಅಂಗಡಿಯಿಂದ ಹೊರಗೆ ಹೋಗ್ಬಾರ್ದು."

ನಾನು ಕಂಪ್ಯೂಟರಿನಲ್ಲಿ ಸಿದ್ಧವಿದ್ದ ಅರ್ಜಿಯ ನಮೂನೆ ತೆರೆದೆ. ಹಾಜ್ಜ ಹೇಳುತ್ತ ಹೋದರು, ನಾನು ಏಳೆಂಟು ವರ್ಷದ ಅಭ್ಯಾಸದ ಪ್ರಕಾರ ಅದನ್ನು ಶುದ್ಧ ಮಾಡುತ್ತ ಹೋದೆ. ಕನ್ನಡದಲ್ಲಿ ಅದು ಸುಮಾರು ಹೀಗಾಗುತ್ತದೆ. "ಮಾನ್ಯ ಯಾಸಿರ್ ಅವರಿಗೆ. ವಿಷಯ: ಈ ಹಿಂದೆ ನೀಡಿದ ಹೇಳಿಕೆಯನ್ನು ಹಿಂಪಡೆಯುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ತಾಯಿಯಾದ ನಾನು ತಿಳಿಯಪಡಿಸುವುದೇನೆಂದರೆ, ತಮ್ಮ ನಿರ್ಗಮನದ ಸಂದರ್ಭದಲ್ಲಿ ನಾನು ನೀಡಿದ ಹೇಳಿಕೆಯು ಇನ್ನು ಮುಂದೆ ಊರ್ಜಿತದಲ್ಲಿರುವುದಿಲ್ಲ. ತಮ್ಮ ಆರೋಗ್ಯದ ಕುರಿತು ಮಾಹಿತಿ ಒದಗಿಸಬೇಕಾಗಿ ವಿನಂತಿ." ಕೆಳಗೆ ಹೆಸರು, ಐಡಿ ಸಂಖ್ಯೆ, ಹೆಬ್ಬೆಟ್ಟಿಗೆ ಜಾಗ.

ಓದಿ ಹೇಳಿದೆ. ಹಾಜ್ಜ ಕಣ್ಣು ಮುಚ್ಚಿ ಕೇಳಿದರು. "ಮಂತ್ರಿ ಮಾತಾಡಿದ ಹಾಗೆ ಉಂಟು," ಎಂದರು. ಹೊಗಳಿದರೆಂದು ನಾನು ಹಿಗ್ಗಿದೆ. ಅವರು ಶಾಯಿಯ ಪ್ಯಾಡಿನಲ್ಲಿ ಹೆಬ್ಬೆಟ್ಟು ಅದ್ದಿ ಒತ್ತಿದರು. ಕಾಗದದ ಫೋಟೋ ತೆಗೆದು ಪೋರ್ಟ್ ಸುಡಾನಿನ ಆ ದೊಡ್ಡಪ್ಪನ ಮಗನಿಗೆ ಕಳಿಸಿದೆವು. ಅವನು ಅದನ್ನು ಪ್ರಿಂಟ್ ಮಾಡಿಸಿ ಪಶ್ಚಿಮಕ್ಕೆ ಹೋಗುವ ಲಾರಿಯವರ ಕೈಗೆ ಕೊಡಬೇಕು. ಲಾರಿಯವರು ಕೈ ಬದಲಿಸುತ್ತ ಯಾಸಿರನ ತುಕಡಿಗೆ ಮುಟ್ಟಿಸಬೇಕು. ಉತ್ತರ ಬರುವುದಿದ್ದರೆ ಅದೇ ದಾರಿಯಲ್ಲಿ. ಥರ್ಮಾಸಿನ ಮುಚ್ಚಳದಲ್ಲಿ ಹಾಜ್ಜ ನನಗೂ ಪ್ರಭಾಕರಣ್ಣನಿಗೂ ಶುಂಠಿ ಕಾಫಿ ಕೊಟ್ಟರು. ಮೊದಲ ಗುಟುಕಿಗೆ ಪ್ರಭಾಕರಣ್ಣನ ಕಣ್ಣಲ್ಲಿ ನೀರು ಬಂತು. "ಇದು ಕಾಫಿಯಾ ಕಷಾಯವಾ?" ಎಂದು ಕೇಳಿ, ಇನ್ನೊಂದು ಮುಚ್ಚಳ ಕುಡಿದರು.

ಅಂದಿನಿಂದ ಪ್ರತಿ ಮಂಗಳವಾರ ಹಾಜ್ಜ ಬಂದರು. ಜುಲೈಯಲ್ಲಿ ಬಂದರು, ಬೀದಿಯಲ್ಲಿ ನಾಯಿಬೆಕ್ಕೂ ಇಲ್ಲದ ಆಗಸ್ಟಿನಲ್ಲಿ ಬಂದರು. ಉತ್ತರ ಬಂತಾ ಎಂದು ಕೇಳಲು ಬರಬೇಕಾಗಿಯೇ ಇರಲಿಲ್ಲ, ಉತ್ತರ ಬಂದರೆ ಅವರ ಫೋನಿಗೇ ಬರುತ್ತದೆ. ಆದರೂ ಬಂದು ಫೋನು ನನ್ನ ಕೈಗೆ ಕೊಟ್ಟು, ಎಲ್ಲಿಯಾದರೂ ಒಳಗೆ ಸಿಕ್ಕಿಕೊಂಡಿದೆಯೋ ನೋಡು ಎನ್ನುತ್ತಿದ್ದರು. ನಾನು ಹುಡುಕಿದ ಹಾಗೆ ಮಾಡುತ್ತಿದ್ದೆ. ಆಮೇಲೆ ಅವರ ಊರಿನ ಕಥೆ. ಜೋಳದ ಹಿಟ್ಟು ಹುಳಿ ಬರಿಸಿ ಅವರು ಮಾಡುವ ತೆಳ್ಳನೆಯ ಕಿಸ್ರಾ ನಮ್ಮ ನೀರುದೋಸೆಯ ದೊಡ್ಡಕ್ಕ ಎಂದು ತಿಳಿದದ್ದು ಆಗಲೇ. ಒಂದು ಮಂಗಳವಾರ ನಾನು ನೀರುದೋಸೆ ಒಯ್ದೆ. ತಿಂದು ನೋಡಿ, "ಹುಳಿ ಬರಿಸ್ಲಿಕ್ಕೆ ಮರೆತಿದ್ದೀಯ," ಎಂದು ಕರುಣೆಯಿಂದ ಹೇಳಿದರು.

ಸೆಪ್ಟೆಂಬರಿನ ಸೆಖೆಗೆ ಅಂಗಡಿಯ ಗಾಜಿನ ಬಾಗಿಲು ಹೊರಗಿನಿಂದ ಬೆವರುತ್ತಿದ್ದಾಗ ಉತ್ತರ ಬಂತು. ನೋಟ್‌ಬುಕ್ಕಿನ ಹಾಳೆಯ ಫೋಟೋ, ಪೆನ್ಸಿಲಿನ ಬರಹ. ಹಾಜ್ಜ ಓಡಿಕೊಂಡೇ ಬಂದಿದ್ದರು. ಕೂತು, "ಓದು" ಎಂದರು. ನಾನು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಓದಿದ ಮೇಲೆ ಇನ್ನೊಮ್ಮೆ ಮೊದಲಿನಿಂದ ಓದಿದೆ.

ಕಾಗದ ತಾಯಿಗಲ್ಲ, ನನಗೆ. "ಇದನ್ನು ಟೈಪ್ ಮಾಡಿದವರಿಗೆ," ಎಂದು ಶುರುವಾಗಿತ್ತು. "ನನ್ನ ತಾಯಿ ಹುಟ್ಟಿದಂದಿನಿಂದ ನನ್ನನ್ನು ಮಾನ್ಯ ಎಂದವಳಲ್ಲ. ಇದು ಅವಳ ಮಾತಲ್ಲ. ನನಗೆ ನೋವಾಗಬಾರದೆಂದು ಯಾರೋ ಬರೆದು ಅವಳ ಹೆಸರು ಹಾಕಿದ್ದೀರಿ. ಹೆಬ್ಬೆಟ್ಟು ಯಾರದೂ ಆಗಬಹುದು. ಅವಳು ತೀರಿಕೊಂಡಿದ್ದರೆ ದಯವಿಟ್ಟು ನಿಜ ಹೇಳಿ. ಯಾವ ದಿನ ಎಂದೂ ಹೇಳಿ, ಆ ದಿನದಿಂದ ಅವಳಿಗಾಗಿ ದುಆ ಮಾಡಬೇಕು."

ಮಗ ಬದುಕಿದ್ದಾನೆ, ಆದರೆ ನನ್ನ ಅಂದದ ಅರಬಿ ಅವನ ತಾಯಿಯನ್ನು ಕೊಂದು ಹಾಕಿತ್ತು. ಆ ಕಾಗದ ಕೈ ಸೇರಿದ ದಿನದಿಂದ ಅವನು ಅಲ್ಲಿ ತಾಯಿ ಸತ್ತಳೆಂದು ತಿಳಿದು ಬದುಕಿದ್ದ. ಸುಳ್ಳು ಹೇಳಿ ಸಾಗಹಾಕೋಣ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಹಾಜ್ಜ ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಇದ್ದದ್ದು ಇದ್ದ ಹಾಗೆ ಓದಿದೆ, ತಪ್ಪು ನನ್ನದೆಂದೂ ಹೇಳಿದೆ.

ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ನಾನು ಎದ್ದೆ. ನಗುತ್ತಿದ್ದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಅವ ಬದುಕಿದ್ದಾನಲ್ಲ," ಎಂದರು. "ನಾನು ಸತ್ತದ್ದು ಸಾರ ಇಲ್ಲ, ಅದು ಹೋಗ್ಲಿ. ಆದ್ರೆ ಆ ಮಾತು ಅವನ ತಲೆಯಲ್ಲಿ ಹಾಗೇ ಕೂತಿದೆ ಮಗಳೇ. ಇನ್ನೊಮ್ಮೆ ಬರಿ. ಈ ಸಲ ನಾನು ಹೇಳಿದ್ದು ಬರಿ. ನೀನು ಬರೀಬೇಡ."

ಪ್ರಭಾಕರಣ್ಣನಿಗೆ ಕನ್ನಡದಲ್ಲಿ ವಿವರಿಸಿದೆ. ಅವರ ಮುಖ ಬಾಡಿತು. "ವಿಷಯ ಹಾಕು ಅಂತ ನಾನೇ ಹೇಳಿದ್ದಲ್ವಾ," ಎಂದರು. "ಈ ಸಲ ಎಂತದೂ ಹಾಕ್ಬೇಡ."

ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ. ಬೆರಳು ತಾನಾಗಿಯೇ ತಿದ್ದಲು ಹೋಗುತ್ತಿತ್ತು. ಹಾಜ್ಜ ಪ್ರತಿ ಸಾಲನ್ನೂ ಓದಿಸಿ, ಸ್ವಲ್ಪ ಸಭ್ಯವಾಗಿ ಕೇಳಿಸಿದರೆ ಅಳಿಸಲು ಹೇಳುತ್ತಿದ್ದರು. ಅಂತೂ ಎರಡು ಮಂಗಳವಾರ ಹಿಡಿದು ಕಾಗದ ಹೀಗಾಯಿತು.

"ಕಾಲು ತೊಳೆಯದೆ ಹಾಸಿಗೆ ಹತ್ತುವ ಕತ್ತೆಗೆ. ನಾನು ಸತ್ತಿಲ್ಲ. ಸತ್ತರೆ ನಿನ್ನ ಅಕ್ಕ ನಿನಗೆ ಹೇಳದೆ ಇರುತ್ತಾಳೆಯೇ, ನಿನಗೆ ಬೈಯಲು ಅವಳಿಗೆ ಅದಕ್ಕಿಂತ ಒಳ್ಳೆಯ ಕಾರಣ ಸಿಗುತ್ತದೆಯೇ? ಸಾಲಿಹನ ಅಂಗಳದ ಖರ್ಜೂರ ಕದ್ದು ತಿಂದು ಮೂರು ದಿನ ಹೊಟ್ಟೆ ಹಿಡಿದುಕೊಂಡವನು ನೀನು, ನಾನಲ್ಲ. ಗುಡಿಸಿದ ನೆಲದ ಮೇಲೆ ಒದ್ದೆ ಕಾಲಲ್ಲಿ ನಡೆದವನು ನೀನು. ಬಸ್ಸಿನ ಹತ್ತಿರ ನಾನು ಹೇಳಿದ ಮಾತು ಇದೆಯಲ್ಲ, ಅದನ್ನು ನಾನು ಆ ಬಸ್ಸು ತಿರುವು ದಾಟುವ ಮೊದಲೇ ನುಂಗಿದ್ದೆ, ನಿನಗೆ ಕೇಳಿಸಲಿಲ್ಲ. ನನ್ನ ಮಯ್ಯತ್ತಿಗೆ ನೀನೇ ಹೆಗಲು ಕೊಡಬೇಕು. ಮುಂದೆ ಬಲಗಡೆ ನಿಲ್ಲು. ನಿನ್ನ ಭಾವ ಕುಳ್ಳ, ಅವನು ಹಿಂದೆ ಇರಲಿ, ಇಲ್ಲದಿದ್ದರೆ ಖಬರಸ್ಥಾನದವರೆಗೂ ನಾನು ಓರೆಯಾಗಿ ಹೋಗಬೇಕಾಗುತ್ತದೆ. ಅದಕ್ಕೆ ನೀನು ಬದುಕಿರಬೇಕು. ಬದುಕಿರು ಕತ್ತೆ."

ಎರಡನೇ ಮಂಗಳವಾರ ಇದನ್ನು ಓದಿ ಹೇಳುತ್ತಿರುವಾಗಲೇ ಬಾಗಿಲು ತೆರೆದು ಆಮ್ನಾ ಒಳಗೆ ಬಂದಳು. ಕೊರಳಲ್ಲಿ ಕ್ಲಿನಿಕ್ಕಿನ ಗುರುತಿನ ಕಾರ್ಡು, ಕಣ್ಣು ಕೆಂಪು. ತಾಯಿ ಪ್ರತಿ ಮಂಗಳವಾರ ಎಲ್ಲಿಗೆ ಹೋಗುತ್ತಾಳೆಂದು ಕಟ್ಟಡದ ಕಾವಲುಗಾರ ಹೇಳಿಬಿಟ್ಟಿದ್ದ. ಹಾಜ್ಜ ಕದ್ದು ತಿಂದು ಸಿಕ್ಕಿಬಿದ್ದವರ ಹಾಗೆ ಥರ್ಮಾಸನ್ನು ಮಡಿಲಿಗೆ ಎಳೆದುಕೊಂಡರು. ಇನ್ನು ರಾದ್ಧಾಂತವೇ ಎಂದು ನಾನು ಕಾದೆ. ಆಮ್ನಾ ನನ್ನ ಕೈಯಿಂದ ಕಾಗದ ತೆಗೆದುಕೊಂಡು ನಿಂತಲ್ಲೇ ಓದಿದಳು. ಕುಳ್ಳ ಭಾವನ ಸಾಲಿಗೆ ಬಂದಾಗ ತುಟಿಯ ಮೂಲೆ ಅಲುಗಿತು, ಕುಳ್ಳ ಅವಳ ಗಂಡನೇ ಅಲ್ಲವೇ? ಆಮೇಲೆ ಮೇಜಿನ ಮೇಲಿದ್ದ ಪೆನ್ನು ತೆಗೆದು ಖರ್ಜೂರದ ಸಾಲು ಹೊಡೆದು ಹಾಕಿದಳು.

"ಮೂರು ದಿನ ಅಲ್ಲ ಉಮ್ಮ, ಐದು ದಿನ. ಮತ್ತೆ ಸಾಲಿಹನ ಮನೆಯದ್ದಲ್ಲ, ಮಸೀದಿಯ ಮರದ್ದು. ನಾನೇ ಅವನನ್ನು ಎತ್ತಿ ಹಿಡಿದದ್ದು." ನನ್ನ ಕಡೆ ತಿರುಗಿ ಹೇಳಿದಳು. "ನಾನು ಅವನಿಗೆ ಬರೆದಿಲ್ಲ. ತಪ್ಪು ತಿದ್ದಿದ್ದು ಮಾತ್ರ."

ಕಾಗದ ಹೋಯಿತು. ಅಕ್ಟೋಬರಿನಲ್ಲಿ ಮೊದಲ ಬಾರಿ ಕಿಟಕಿ ತೆರೆಯುವ ಹಾಗಾಯಿತು. ನವೆಂಬರಿನಲ್ಲಿ ಕರಾಮದ ಪಾರ್ಕಿನಲ್ಲಿ ಮಕ್ಕಳು ತುಂಬಿದರು. ಅದು ಇಲ್ಲಿ ಬದುಕುವವರಿಗೆ ವರ್ಷದ ಒಳ್ಳೆಯ ಕಾಲ. ಹಾಜ್ಜ ಅಂಗಡಿಯ ಹೊರಗೆ ಮೆಟ್ಟಿಲ ಮೇಲೆಯೇ ಕೂತು ಕಾಫಿ ಹಂಚತೊಡಗಿದರು. ಅರ್ಜಿಗೆ ಬಂದವರಿಗೆಲ್ಲ ಸಿಗುತ್ತಿತ್ತು, ಗುಲ್ಬರ್ಗದ ಡಾಕ್ಟರೊಬ್ಬರಂತೂ ಅರ್ಜಿ ಇಲ್ಲದಿದ್ದರೂ ಬರುತ್ತಿದ್ದರು. ಆಮ್ನಾ ಡ್ಯೂಟಿ ಮುಗಿಸಿ ತಾಯಿಯನ್ನು ಕರೆದೊಯ್ಯಲು ಬಂದಾಗ, ಏನೂ ಗೊತ್ತಿಲ್ಲದವಳ ಹಾಗೆ, "ಏನಾದರೂ ಬಂತಾ?" ಎನ್ನುತ್ತಿದ್ದಳು. ಪ್ರಭಾಕರಣ್ಣನೂ ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಕೇಳುತ್ತಿದ್ದರು. "ಆ ಕತ್ತೆ ಎಂತಾದ್ರೂ ಬರ್ದಿದ್ದಾನಾ?" ಚಿಂತೆ ಇರಲಿಲ್ಲವೆಂದಲ್ಲ. ದಾರಿ ಮುಚ್ಚಿದೆ, ಲಾರಿಗಳು ನಿಂತಿವೆ ಎಂಬ ಸುದ್ದಿ ಬರುತ್ತಲೇ ಇತ್ತು. ಆದರೂ ಆ ಚಳಿಗಾಲವನ್ನು ನೆನೆದರೆ ನನಗೆ ಸಂತೋಷವೇ ಆಗುತ್ತದೆ. ಕಾಯುವುದನ್ನು ಅಷ್ಟು ಜನ ಸೇರಿ ಹಂಚಿಕೊಂಡಿದ್ದೆವು.

ರಂಜಾನಿನ ಎರಡನೇ ವಾರ ಉತ್ತರ ಬಂತು. ಉಪವಾಸದ ತಿಂಗಳು, ಕಚೇರಿಗಳಿಗೆ ಅರ್ಧ ದಿನದ ಕೆಲಸ, ಮಧ್ಯಾಹ್ನ ಎರಡಕ್ಕೇ ನಮ್ಮಲ್ಲಿ ಗಿರಾಕಿಗಳಿಲ್ಲ. ಮೂರು ಹಾಳೆಗಳ ಫೋಟೋ. ಮೊದಲ ಸಾಲು ಓದುತ್ತಲೇ ನನಗೆ ನಗು ತಡೆಯಲಾಗಲಿಲ್ಲ. ಯಾಸಿರ್ ನನ್ನ ಮೊದಲ ಕಾಗದದ ನಮೂನೆಯಲ್ಲೇ ಬರೆದಿದ್ದ.

"ಮಾನ್ಯ ತಾಯಿಯವರಿಗೆ. ವಿಷಯ: ಇನ್ನೂ ಏಳು ಜನರಿಗೆ ಬೈಗುಳ ಮಂಜೂರು ಮಾಡುವ ಬಗ್ಗೆ. ತಮ್ಮ ಕಾಗದ ತಲುಪಿತು. ಹೆಗಲಿನ ವಿಷಯ ಗಮನಕ್ಕೆ ಬಂದಿದೆ. ಬಲಗಡೆ ಮುಂದೆ ನಿಲ್ಲುತ್ತೇನೆ, ಬದುಕಿರುತ್ತೇನೆ." ಅಲ್ಲಿಗೆ ಅವನ ನಮೂನೆ ಮುಗಿದು ಹೋಗಿತ್ತು. ಮುಂದೆ ಬರೀ ಮಗನ ಮಾತು. "ಉಮ್ಮ, ಅದನ್ನು ಓದಿ ನಾನು ಗಟ್ಟಿಯಾಗಿ ಅತ್ತೆ, ಎಲ್ಲರೂ ಓಡಿ ಬಂದರು. ಅವರಿಗೆ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದರು. ಇಲ್ಲಿ ಯಾರಿಗೂ ಕಾಗದ ಬಂದು ವರ್ಷವಾಯಿತು, ಕೆಲವರಿಗೆ ಬರೆಯುವವರೇ ಉಳಿದಿಲ್ಲ. ಒಬ್ಬೊಬ್ಬರೇ ಬಂದು ನಕಲು ಮಾಡಿಕೊಂಡರು. ಕತ್ತೆ ಎಂದಿರುವಲ್ಲಿ ತಮ್ಮ ತಮ್ಮ ಹೆಸರು ಹಾಕಿಕೊಂಡು ಜೇಬಿನಲ್ಲಿಟ್ಟುಕೊಂಡಿದ್ದಾರೆ. ಆದರೆ ಖರ್ಜೂರ ಕದ್ದದ್ದು ನಾವಲ್ಲವಲ್ಲ, ನಮಗೆ ನಮ್ಮದೇ ಬೈಗುಳ ಬೇಕು ಎನ್ನುತ್ತಿದ್ದಾರೆ. ಅವರವರ ತಪ್ಪು ಕೆಳಗೆ ಬರೆದಿದ್ದೇನೆ."

ಅದರ ಕೆಳಗೆ ಹೆಸರುಗಳು. ಒಬ್ಬ ನಿದ್ದೆಯಲ್ಲಿ ಹಾಡುತ್ತಾನೆ. ಒಬ್ಬ ಎಲ್ಲರ ಸೋಪು ಕದಿಯುತ್ತಾನೆ. ಒಬ್ಬನಿಗೆ ಹಲ್ಲುನೋವಿದ್ದರೂ ಯಾರಿಗೂ ತೋರಿಸುವುದಿಲ್ಲ. ಹೀಗೆ ಆರು.

ಹಾಜ್ಜ ತೋಳೇರಿಸಿ ಕೂತರು. ಆರು ಕಾಗದ ಒಂದೇ ಬೈಠಕ್ಕಿನಲ್ಲಿ ಆಯಿತು. ಹಲ್ಲುನೋವಿನವನಿಗೆ ಲವಂಗ ಎಲ್ಲಿ ಸಿಗುತ್ತದೆ, ಹೇಗೆ ಒತ್ತಿಡಬೇಕು ಎಂದು ಬೈಗುಳದ ನಡುವೆಯೇ ಮದ್ದು ಹೇಳಿದರು. ನನ್ನ ಬೆರಳು ಈಗ ತಿದ್ದಲು ಹೋಗುತ್ತಿರಲಿಲ್ಲ. ಪ್ರತಿಯೊಂದರ ಕೆಳಗೂ "ಯಾಸಿರನ ಉಮ್ಮ" ಎಂದು ಹಾಕಿಸಿ ಹೆಬ್ಬೆಟ್ಟು ಒತ್ತಿದರು.

"ಇನ್ನೊಬ್ಬ ಯಾರು? ಏಳು ಅಂದಿದ್ದನಲ್ಲ?"

ಏಳನೆಯ ಹೆಸರು ಕೊನೆಯ ಹಾಳೆಯಲ್ಲಿ ಬೇರೆಯಾಗಿ ಇತ್ತು. ಓದಿದೆ. "ಏಳನೆಯವನ ಹೆಸರು ಆದಮ್. ಅವನು ನಮ್ಮವನಲ್ಲ ಉಮ್ಮ. ಆ ಕಡೆಯ ಪಡೆಯವನು, ನಮ್ಮ ಕೈಗೆ ಸಿಕ್ಕಿದವನು. ಹತ್ತೊಂಬತ್ತು ಇರಬಹುದು. ಗೋಡೆಯ ಆಚೆ ಕೋಣೆಯಲ್ಲಿದ್ದಾನೆ. ನಾನು ಓದಿದ್ದು ಅವನಿಗೂ ಕೇಳಿದೆ. ಊಟ ಕೊಡಲು ಹೋದಾಗ, ನಿನ್ನ ತಾಯಿ ನನಗೂ ಬೈಯುತ್ತಾಳೆಯೇ ಎಂದು ಕೇಳಿದ. ಅವನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ರೊಟ್ಟಿ ಕೊಟ್ಟರೆ ಅರ್ಧ ತಿಂದು ಅರ್ಧ ಜೇಬಿನಲ್ಲಿಡುತ್ತಾನೆ. ಖಾಲಿದ್ ಮಾವನನ್ನು ಯೋಚಿಸಿದರೆ ಅವನ ಹೆಸರು ಬರೆಯಲು ನನಗೆ ಕೈ ಬರುವುದಿಲ್ಲ. ಅವನನ್ನು ನೋಡಿದರೆ ಬರೆಯದೆ ಇರಲೂ ಆಗುವುದಿಲ್ಲ. ನೀನೇ ತೀರ್ಮಾನಿಸು."

ಹಾಜ್ಜ ಎದ್ದು ಹೊರಗೆ ಹೋದರು. ಗಾಜಿನ ಆಚೆ ಮೆಟ್ಟಿಲ ಮೇಲೆ ಬಿಸಿಲಿನಲ್ಲೇ ನಿಂತರು. ಪ್ರಭಾಕರಣ್ಣ ಏನೆಂದು ಕೇಳಿದರು, ಹೇಳಿದೆ. ಅವರು ಪತ್ರಿಕೆ ಮಡಚಿ ಕೆಳಗಿಟ್ಟರು. ತಮ್ಮನ ಹೆಣವನ್ನು ಬಾಗಿಲಿನಿಂದ ಎತ್ತಿ ಒಳಗೆ ತಂದದ್ದು ತಾನೇ ಎಂದು ಹಾಜ್ಜ ಒಮ್ಮೆ ಹೇಳಿದ್ದರು. ಬರೆಯುವುದಿಲ್ಲ ಎಂದರೆ ತಪ್ಪೆಂದು ಹೇಳಲು ನಾನು ಯಾರು? ಕಂಪ್ಯೂಟರು ಆರಿಸಲೇ ಎಂದು ಯೋಚಿಸುತ್ತಿದ್ದಾಗ ಅವರು ಒಳಗೆ ಬಂದು ಕೂತರು.

"ಬರಿ," ಎಂದರು.

"ಜೇಬಿನಲ್ಲಿ ರೊಟ್ಟಿ ಇಟ್ಟು ಇರುವೆ ಹತ್ತಿಸಿಕೊಳ್ಳುವವನೇ. ಕೊಟ್ಟದ್ದನ್ನು ಪೂರ್ತಿ ತಿನ್ನು. ನಾಳೆಯದನ್ನು ನಾಳೆ ಕೊಡುತ್ತಾರೆ, ಕೊಡದಿದ್ದರೆ ಯಾಸಿರನಿಗೆ ಹೇಳು, ಅವನಿಗೆ ನಾನು ಬೈಯುತ್ತೇನೆ. ನನ್ನ ತಮ್ಮನನ್ನು ನಿಮ್ಮ ಕಡೆಯವರು ಕೊಂದರು. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ನೀನು ಮನೆಗೆ ಹೋಗಬೇಕು. ನಿನ್ನ ಉಮ್ಮನ ಮಯ್ಯತ್ತಿಗೆ ಹೆಗಲು ಕೊಡಲು ನೀನು ಬೇಕು. ಬೇರೆಯವರ ಹೆಗಲು ಅವಳಿಗೆ ಆಗುವುದಿಲ್ಲ. ಬದುಕಿರು ಕತ್ತೆ."

ಕತ್ತೆ ಎನ್ನುವಾಗ ಅವರ ಧ್ವನಿ ನಡುಗಿತು. ಅದನ್ನೂ ಬರೆಯುವ ಹಾಗಿದ್ದರೆ ಬರೆಯುತ್ತಿದ್ದೆ.

"ಕೆಳಗೆ ಯಾಸಿರನ ಉಮ್ಮ ಅಂತ ಹಾಕಲಾ ಹಾಜ್ಜ?"

"ಬೇಡ. ಆದಮನ ಉಮ್ಮ ಅಂತ ಹಾಕು."

"ಬೇರೆಯವರ ಹೆಸರಲ್ಲಿ ಸಹಿ ಹಾಕುವ ಹಾಗಿಲ್ಲ," ಎಂದು ಬಾಯಿಗೆ ಬಂದೇಬಿಟ್ಟಿತು. ನಮ್ಮ ಕೆಲಸದಲ್ಲಿ ಮೊದಲು ಕಲಿಯುವುದೇ ಅದು. ಎಷ್ಟು ಜನ ಗಂಡಂದಿರನ್ನು ಹೆಂಡತಿಯ ಸಹಿ ಹಾಕಲು ಬಂದಾಗ ವಾಪಸು ಕಳಿಸಿದ್ದೇನೆ.

ಹಾಜ್ಜ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. "ಅವಳಿಗೆ ಇವ ಬದುಕಿದ್ದಾನೆ ಅಂತಲೂ ಗೊತ್ತಿರ್ಲಿಕ್ಕಿಲ್ಲ ಮಗಳೇ. ಅವಳಿಗೆ ಹಾಕ್ಲಿಕ್ಕೆ ಆಗುದಿಲ್ಲ, ನಾನು ಹಾಕ್ತೇನೆ. ನಾಳೆ ಎಲ್ಲಿಯಾದ್ರೂ ಸಿಕ್ಕಿ ಯಾಕೆ ಹಾಕಿದ್ದಿ ಅಂತ ಕೇಳಿದ್ರೆ ಅವಳಿಗೆ ಜವಾಬು ನಾನು ಕೊಡ್ತೇನೆ."

"ಎಂತದಂತೆ?" ಎಂದರು ಪ್ರಭಾಕರಣ್ಣ. ಹೇಳಿದೆ. ಅವರು ತಮ್ಮ ಮೇಜಿನಿಂದ ಎದ್ದು ಬಂದು, ಶಾಯಿಯ ಪ್ಯಾಡಿನ ಮುಚ್ಚಳ ತೆಗೆದು, ಹಾಜ್ಜನ ಮುಂದೆ ಸರಿಸಿದರು.

"ಹಾಕ್ಲಿ," ಎಂದರು.

ನಾನು ಆದಮನ ಉಮ್ಮ ಎಂದು ಟೈಪ್ ಮಾಡಿದೆ. ಹಾಜ್ಜ ನಫೀಸಾ ಅದರ ಪಕ್ಕದಲ್ಲಿ ಹೆಬ್ಬೆಟ್ಟು ಒತ್ತಿ, ಒಣಗುವವರೆಗೆ ಕಾಗದದ ಮೇಲೆ ಮೆಲ್ಲಗೆ ಊದುತ್ತ ಕೂತರು.